ಕೋಳಿ ಕರುಳಲ್ಲಿ ಸೀಟು

ಕೊಪ್ಪದ ಬೋರಯ್ಯನ ಫಾರಂ ಕೋಳಿಗಳಿಗೆ ಹೋದ ಸಲ ರಕ್ತಭೇದಿ ಬಂದು ಅರ್ಧಕ್ಕರ್ಧ ಮಣ್ಣು ಸೇರಿದ್ದವು. ಈ ಸಲವೂ ಹಾಗಾದರೆ ಇನ್ನು ಮರಿ ಕೊಡುವುದಿಲ್ಲ ಎಂದು, ಮರಿ ಕೊಟ್ಟು ಬೆಳೆದ ಕೋಳಿ ಒಯ್ಯುವ ಕಂಪನಿಯವರು ಹೇಳಿ ಹೋದರು. ಅದನ್ನು ಕೇಳಿಸಿಕೊಂಡ ಹೆಂಡತಿ ಇಂದ್ರಮ್ಮ ಅವತ್ತೇ ಶೆಡ್ಡಿನ ಬಾಗಿಲ ಪಕ್ಕ ಒಂದು ಗೂಟ ಹೊಡೆದಳು.

"ಯಾಕಮ್ಮೀ ಇದು?"

"ಇರ್ಲಿ ಬುಡು. ನಮ್ಮೆಮ್ಮೆಗೂ ಒಂದು ಜಾಗ ಬ್ಯಾಡ್ವಾ?"

ಬೋರಯ್ಯ ಗೊಣಗಿಕೊಂಡೇ ಮಳವಳ್ಳಿ ಬಸ್ಸು ಹತ್ತಿದ. ಅಲ್ಲಿ ಕೋಳಿ ಔಷಧಿ ಮಾರುವ ಪ್ರಸನ್ನ ಒಂದು ಡಬ್ಬಿ ಮುಂದಿಟ್ಟ.

"ಪ್ರೋಬಯಾಟಿಕ್ ಪುಡಿ ಕಣಣ್ಣ. ಒಳಗಿರೋವು ಜೀವ ಇರೋ ಒಳ್ಳೆ ಕ್ರಿಮಿ, ಮೊಸರಲ್ಲಿರ್ತಾವಲ್ಲ, ಅಂತವು. ನೀನು ಬಸ್ಸಿನ ಕಿಟಕೀಲಿ ಟವಲ್ ಹಾಕಿ ಸೀಟು ಹಿಡಿಯಲ್ವಾ? ಹಂಗೇ ಇವು ಮೊದ್ಲೇ ಹೋಗಿ ಕೋಳಿ ಕರುಳಲ್ಲಿ ಸೀಟು ಹಿಡ್ಕತಾವೆ. ರೋಗದ್ದು ಬಂದ್ರೆ ನಿಂತ್ಕಳಕ್ಕೂ ಜಾಗ ಇರಲ್ಲ."

ಟವಲಿನ ಮಾತು ಬೋರಯ್ಯನ ತಲೆಗೆ ಹೋಯಿತು. ಪ್ರಸನ್ನ ಆಮೇಲೆ ಹೇಳಿದ್ದೊಂದೂ ಹೋಗಲಿಲ್ಲ. ಸಂಜೆ ಡೇರಿ ಮುಂದೆ ಹಾಲು ಹಿಡಿದು ನಿಂತವರಿಗೆಲ್ಲ ಕರುಳಿನ ಪಾಠ ನಡೆಯಿತು.

"ಎಲ್ಲಾ ಸರಿ ಕಣ್ಲಾ ಬೋರ," ಎಂದ ದೊಡ್ಡಸಿದ್ದಯ್ಯ, "ಕಂಡಕ್ಟರ್ ಯಾರ್ಲಾ?"

ವಾರ ಕಳೆಯುವುದರೊಳಗೆ ಹಿಕ್ಕೆಯಲ್ಲಿ ಮತ್ತೆ ರಕ್ತ. ಬೋರಯ್ಯ ಫೋನಿನಲ್ಲಿ ಬೈದ ಬೈಗುಳಕ್ಕೆ ಪ್ರಸನ್ನ ಬೈಕಿನಲ್ಲಿ ಓಡಿ ಬಂದ. ಪುಡಿ ಕಲಸಿದ್ದ, ಕೋಳಿ ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡ.

"ಏನಣ್ಣ, ಬ್ಲೀಚಿಂಗ್ ಪೌಡರ್ ಹಾಕಿದ್ದೀಯಾ?"

"ಆಕ್ದೆ ಮತ್ತೆ? ನೆಂಟ್ರು ಬತ್ತಾರೆ ಅಂದ್ರೆ ಮನೆ ಸಾರ್ಸಲ್ವಾ? ನಿನ್ನ ಕ್ರಿಮಿಗಳಿಗೆ ಅಂತ ಒಂದು ಹಿಡಿ ಜಾಸ್ತೀನೇ ಆಕಿವ್ನಿ."

"ನೆಂಟ್ರನ್ನ ಬಾಗ್ಲಲ್ಲೇ ಸಾಯ್ಸಿ ಬುಟ್ಯಲ್ಲಣ್ಣ!" ಪ್ರಸನ್ನ ಶೆಡ್ಡಿನೊಳಗೆ ಕಾಲಿಟ್ಟ. ಪೈಪು ಸೋರಿ, ನೆಲಕ್ಕೆ ಹಾಸಿದ್ದ ಭತ್ತದ ಹೊಟ್ಟು ಪಚಪಚ ಎನ್ನುತ್ತಿತ್ತು. "ಇದೇನು, ನಾಟಿ ಹಾಕ್ತೀಯಾ? ರೋಗ ಹುಟ್ಟೋದೇ ಈ ತೇವದಲ್ಲಿ."

"ಮೊದ್ಲೇ ಯೋಳಕೆ ನಿಂಗೇನಾಗಿತ್ತು?"

"ಹೇಳ್ದೆ. ನೀನಾಗ್ಲೇ ಟವಲ್ ಹೆಗಲಿಗಾಕ್ಕೊಂಡು ಹೊಂಟಿದ್ದೆ," ಎಂದ ಪ್ರಸನ್ನ, ಹೇಳುತ್ತಲೇ ಚೀಲದಿಂದ ಇನ್ನೊಂದು ಡಬ್ಬಿ ತೆಗೆದ. ವ್ಯಾಪಾರ ವ್ಯಾಪಾರವೇ.

ತಡವಾಗಿತ್ತು. ಉಳಿದಷ್ಟು ಕೋಳಿಗಳನ್ನು ಕಂಪನಿಯ ವ್ಯಾನು ತುಂಬಿಕೊಂಡು ಹೋಯಿತು, ಮರಿ ತರುವ ವ್ಯಾನು ಬರಲಿಲ್ಲ. ಬೋರಯ್ಯ ಒಂದು ಬೆಳಿಗ್ಗೆ ಶೆಡ್ಡಿಗೆ ಹೋದರೆ ಎಮ್ಮೆ ನಡುಮಧ್ಯೆ ಮಲಗಿ ಮೆಲುಕು ಹಾಕುತ್ತಿತ್ತು.

"ಲೇ, ಇದನ್ಯಾರು ಒಳಕ್ಕೆ ಬುಟ್ಟಿದ್ದು?"

ಇಂದ್ರಮ್ಮ ಗೂಟದ ಹಗ್ಗ ಬಿಗಿ ಮಾಡುತ್ತ ತಿರುಗಿಯೂ ನೋಡಲಿಲ್ಲ.

"ನಾನು ಅವತ್ತೇ ಟವಲ್ ಆಕಿದ್ನಲ್ಲ, ನೋಡ್ನಿಲ್ವಾ?"