ಎಲ್ಲ ಕಳೆದುಹೋಯ್ತು

ಉಗುರಿನ ಸಂದಿಯ ಸೀಮೆಸುಣ್ಣ ಸುಲಭಕ್ಕೆ ಬಿಡುತ್ತಿರಲಿಲ್ಲ. ಹೆಂಡತಿ ಬೋಗುಣಿಯ ನೀರಿಗೆ ಬಟ್ಟೆ ಅದ್ದಿ, ತುದಿ ಹೊಸೆದು ಮತ್ತೆ ಉಜ್ಜಿದಳು. ಗಂಡನ ಕೈ ತಣ್ಣಗೆ, ಹೇಳಿದಂತೆ ಕೇಳುತ್ತಿತ್ತು. ಬದುಕಿದ್ದಾಗ ಹತ್ತು ಸಲ ಕರೆದರೂ ಊಟಕ್ಕೆ ಬಾರದ ಕೈ ಅದು.

"ಸಾಕು ಬಿಡಮ್ಮ, ಗಾಡಿ ಬಂತು," ಎಂದರು ಸತ್ತವನ ಅಕ್ಕ.

"ಬೋರ್ಡಿನ ಮುಂದಿಂದ ಎದ್ದು ಬಂದ ಹಾಗೆ ಕಳಿಸಲ್ಲ, ಅತ್ತಿಗೆ."

ಕಾಲೇಜಿನಲ್ಲಿ ಅವನ ಪಕ್ಕದ ಮೇಜಿನಲ್ಲೇ ತಲೆ ನರೆಸಿಕೊಂಡ ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಅವಳು ಕೇಳಬಹುದಾದವರು ಅವರೊಬ್ಬರೇ.

"ಮೇಷ್ಟ್ರೇ, ಇವರ ಲೆಕ್ಕ ಮುಗಿದಿತ್ತಲ್ವಾ?"

"ಉತ್ತರ ಯಾವತ್ತೋ ಬಂದಿತ್ತಮ್ಮ. ಕಣಗಳು ಡಿಕ್ಕಿ ಹೊಡೆದು ಹೇಗೆ ಚೆದುರುತ್ತವೆ ಅಂತ ಬರೆಯೋಕೆ ಕೂತ್ರೆ ಗೋಡೆ ತುಂಬ ಲೆಕ್ಕ. ಗುರುತ್ವ ಸೇರಿಸಿದ್ರೆ ಮನೆ ತುಂಬ. ಆದ್ರೆ ಪ್ರತಿ ಕಣಕ್ಕೂ ಒಂದು ಜೋಡಿ ಇದೆ ಅಂತ ಇಟ್ಕೊಂಡ್ರೆ, ಒಂದನ್ನೊಂದು ಹೊಡೆದುಹಾಕಿ ಕೊನೇಗೆ ಒಂದೇ ಸಾಲು ಉಳಿಯುತ್ತೆ. ಇಷ್ಟು ಸರಳ ಯಾಕೆ ಅನ್ನೋದೇ ಇವನ ಪ್ರಶ್ನೆ."

"ಅದೂ ಹೋದ ವರ್ಷ ಸಿಕ್ತಲ್ಲ."

ಮೇಷ್ಟ್ರು ಬಾಗಿಲು ಬಿಟ್ಟು ಒಳಗೆ ಬಂದರು.

*

ಆ ಮನೆಯಲ್ಲಿ 'ಕಳೆದುಹೋಯ್ತು' ಅಂದರೆ ಸಿಹಿ ಸುದ್ದಿ. ಲೆಕ್ಕದ ಉದ್ದುದ್ದ ಸಾಲುಗಳು ಒಂದಕ್ಕೊಂದು ಹೊಡೆದು ಕಳೆದುಹೋದ ದಿನ ಅವನು ಚಪ್ಪಲಿ ಬಿಡುವ ಮೊದಲೇ ಹೇಳುತ್ತಿದ್ದ. ಅವಳು "ಭೇಷ್" ಅನ್ನಬೇಕು. ಒಮ್ಮೆ ಅವಳು ಕಿವಿಯೋಲೆ ಕಳೆದುಹೋಯ್ತೆಂದು ಗೋಳಾಡಿದಾಗಲೂ ಮಹಾರಾಯ ಒಳಗಿನಿಂದ "ಭೇಷ್" ಅಂದಿದ್ದ.

ಸೋರುವ ನಲ್ಲಿ, ಸಮುದ್ರ ನೋಡುವುದು, ಮಗು, ಎಲ್ಲವೂ 'ಇದೊಂದು ಮುಗೀಲಿ' ಎಂಬ ಮಾತಿಗೆ ಕಾದಿದ್ದವು. ನಲ್ಲಿ ಈಗಲೂ ಸೋರುತ್ತದೆ. ಮಗುವಿನ ಕಾಲ ಮುಗಿದುಹೋಯಿತು.

ಹೋದ ವರ್ಷ ಒಂದು ಸಂಜೆ ಅವನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತ.

"ಎಲ್ಲ ಕಳೆದುಹೋಯ್ತು ಕಣೇ."

"ಭೇಷ್," ಎಂದಳು, ಒಲೆಯ ಕಡೆಗೇ ಮುಖ ಮಾಡಿಕೊಂಡು.

"ಹೂಂ," ಎಂದ. ಕೈ ತೊಳೆದು, ಕರೆಯದೆಯೇ ಊಟಕ್ಕೆ ಬಂದು ಕೂತ. ಅವಳಿಗೆ ಅದೂ ಸಂತೋಷವೇ ಆಗಿತ್ತು.

*

"ಸಿಕ್ಕಿದ್ದು ಬೇರೆಯವರಿಗೆ," ಎಂದರು ಮೇಷ್ಟ್ರು. "ಗೋಡೆ ತುಂಬ ಬರೆಯದೇನೇ ಆ ಒಂದು ಸಾಲಿಗೆ ನೇರ ಹೋಗೋ ದಾರಿ. ಇವನು ಮಾಡಿದ್ದು ಯಾವುದೂ ಬೇಕಾಗಲಿಲ್ಲ. ಅವರ ಲೇಖನ ಓದಿದವನೇ, ಮನೇಲಿ ಅವಳಿಗೆ ಹೇಳ್ಕೋತೀನಿ ಅಂತ ಎದ್ದು ಹೋದ. ಹೇಳಲಿಲ್ವಾ?"

"ಹೇಳಿದ್ರು," ಎಂದಳು. "ಮತ್ತೆ ದಿನಾ ಬೋರ್ಡಿನ ಮುಂದೆ ಏನ್ಮಾಡ್ತಿದ್ರು?"

"ಹಳೇದನ್ನೇ ಬರೀತಿದ್ದ. ಅಳಿಸ್ತಿದ್ದ."

ಗಾಡಿಯವರು ಒಳಗೆ ಬಂದರು. ಬೋಗುಣಿಯ ತಳದಲ್ಲಿ ಬಿಳಿ ಪುಡಿ ಕೂತಿತ್ತು.

"ಆ ನೀರು ಚೆಲ್ಲಿ ಬಾರಮ್ಮ," ಎಂದರು ಅತ್ತಿಗೆ.

ಅವಳು ಚೆಲ್ಲಲಿಲ್ಲ. ಬೆರಳು ಅದ್ದಿ ತಳದ ಪುಡಿಯನ್ನು ಬಳಿದುಕೊಂಡು ಗಂಡನ ಉಗುರಿಗೆ ಮತ್ತೆ ಹಚ್ಚತೊಡಗಿದಳು. ಒದ್ದೆ ಪುಡಿ ಹಿಡಿಯಲಿಲ್ಲ. ಜಾರಿ ಹೊದಿಸಿದ್ದ ಬಿಳಿ ಬಟ್ಟೆಯ ಮೇಲೆ ಬಿತ್ತು, ಬಿದ್ದದ್ದು ಎಲ್ಲಿ ಎಂದು ಕಾಣಲೂ ಇಲ್ಲ.