‘ಇದ್ದ’ ಅಂದರೆ

ಭಾನುಪ್ರಿಯ ಪಾಠ ಓದಿದರೆ ಪಕ್ಕದ ಕೋಣೆಯ ಮಕ್ಕಳೂ ಕಿವಿಗೊಡುತ್ತಿದ್ದರು, ಅಷ್ಟು ಸರಾಗ. ಓದಿದ್ದರ ಅರ್ಥ ಏನೆಂದು ಕೇಳಿದರೆ ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ನಾಲ್ಕನೇ ತರಗತಿಯ ಆ ಹುಡುಗಿಗೆ ಹೇಗಾದರೂ ಅರ್ಥ ಹಿಡಿಯುವುದನ್ನು ಕಲಿಸಬೇಕೆಂದು ಬೈರಾಪಟ್ಟಣದ ಶಾಲೆಯ ಸುಚಿತ್ರಾ ಮಿಸ್ ಜೂನ್‌ನಿಂದ ಹೆಣಗುತ್ತಿದ್ದರು.

ಆ ದಿನ ಅವಳನ್ನು ಚಿಕ್ಕಪ್ಪ ಅನಂತರಾಜು ಕರೆತಂದ. ಅವಳು ಒಳಗೆ ಹೋಗುವವರೆಗೂ ಕಾದು, ಮಿಸ್ಸನ್ನು ಗೇಟಿನ ಮರೆಗೆ ಕರೆದು ವಿಷಯ ಹೇಳಿದ. ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ಅವಳ ಅಪ್ಪನಿಗೆ ಕನಕಪುರದ ಹತ್ತಿರ ಲಾರಿ ಹೊಡೆದಿತ್ತು. ಜೀವ ಅಲ್ಲೇ ಹೋಗಿತ್ತು. ಅಮ್ಮ ಆಗಲೇ ಆಸ್ಪತ್ರೆಗೆ ಹೋಗಿದ್ದಳು.

“ಮಗೀಗೆ ಗೊತ್ತಿಲ್ಲ ಮೇಡಂ. ಬಾಡಿ ಬರೋಗಂಟ ಇಲ್ಲೇ ಇರ್ಲಿ. ನೀವೇನೂ ತೋರಿಸ್ಕೋಬ್ಯಾಡಿ.”

ಸುಚಿತ್ರಾ ತೋರಿಸಿಕೊಳ್ಳಲಿಲ್ಲ. ಕಣ್ಣು ಮಾತ್ರ ಎರಡನೇ ಸಾಲಿನಲ್ಲಿ ಕೂತ ಭಾನುಪ್ರಿಯಳ ಕೆಂಪು ರಿಬ್ಬನ್ನಿಗೇ ಹೋಗುತ್ತಿತ್ತು. ಮಕ್ಕಳು ಒಂದಿಷ್ಟು ನಗಲಿ ಎಂದು ಬೋರ್ಡಿನ ಮೇಲೆ ಬರೆದರು: ಒಂದು ಊರಿನಲ್ಲಿ ಒಬ್ಬ ರಾಜ ಇದ್ದ. ಆ ರಾಜ ಈಗ ಎಲ್ಲಿದ್ದಾನೆ ಎಂದು ಕೇಳಿದರು.

ದೀಪು ಎದ್ದು ನಿಂತ. “ಯಾವತ್ತೋ ಸತ್ತೋದ ಮಿಸ್. ತಿಥಿ ಊಟಾನೂ ಆಗೋಗೈತೆ.”

ತರಗತಿ ಗೊಳ್ಳೆಂದಿತು. ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ ಅಭ್ಯಾಸದಂತೆ ಅವರ ಬಾಯಿಂದ ಜಾರಿಬಿಟ್ಟಿತು.

“‘ಇದ್ದ’ ಅಂತ ಐತಲ್ಲ. ಈಗ್ಲೂ ಇದ್ದಿದ್ರೆ ‘ರಾಜ ಅವ್ನೆ’ ಅನ್ನೋರು.”

ನಗದೆ ಕೂತವಳು ಒಬ್ಬಳೇ. ಭಾನುಪ್ರಿಯ ಬೋರ್ಡಿನ ಕೊನೆಯ ಪದವನ್ನೇ ನೋಡುತ್ತಿದ್ದಳು. ಸುಚಿತ್ರಾ ಅವಸರದಿಂದ ಡಸ್ಟರ್ ಎತ್ತಿಕೊಂಡರು.

ಊಟದ ಬೆಲ್ಲಿಗೆ ಎಲ್ಲರೂ ತಟ್ಟೆ ಹಿಡಿದು ಓಡಿದರೂ ಅವಳು ಮೇಜಿನ ಬಳಿ ಬಂದು ನಿಂತಳು. ಬೆಳಿಗ್ಗೆ ಚಿಕ್ಕಪ್ಪ ಫೋನಿನಲ್ಲಿ ಯಾರಿಗೋ ಅವಳ ಅಪ್ಪನ ಬಗ್ಗೆ ಹೇಳುತ್ತಿದ್ದನಂತೆ.

“ನಮ್ಮಣ್ಣ ಚಿನ್ನದಂಥ ಮನ್ಸ ಆಗಿದ್ದ ಅಂದ್ರು ಮಿಸ್. ಅದು ತಪ್ಪಲ್ವಾ?”

ತಪ್ಪು ಎಂದು ಒಂದು ಮಾತು ಹೇಳಿಬಿಟ್ಟರೆ ಸಂಜೆಯವರೆಗಾದರೂ ಆ ಮಗುವಿಗೆ ಅಪ್ಪ ಉಳಿಯುತ್ತಿದ್ದ. ಇಷ್ಟು ತಿಂಗಳು ಯಾವ ಗಳಿಗೆಗೆ ಕಾದಿದ್ದರೋ ಅದು ಎದುರಿಗೆ ಬಂದು ನಿಂತಿತ್ತು. ಇವಳು ಇನ್ನೊಂದು ದಿನ ಅರ್ಥ ಹಿಡಿಯದವಳಾಗಿಯೇ ಇರಬಾರದಿತ್ತೇ ಎಂದುಕೊಂಡರು ಸುಚಿತ್ರಾ.

“ನಿಮ್ಮಪ್ಪ ನಿನ್ನ ಎಷ್ಟು ಚೆನ್ನಾಗಿ ನೋಡ್ಕೊ...”

ಮುಂದೆ ‘ನೋಡಿಕೊಳ್ಳುತ್ತಾರೆ’ ಎನ್ನಬೇಕು, ಇಲ್ಲವೇ ‘ನೋಡಿಕೊಳ್ಳುತ್ತಿದ್ದರು’ ಎನ್ನಬೇಕು. ನಾಲಿಗೆ ಎರಡರ ನಡುವೆ ನಿಂತುಹೋಯಿತು.

ಹುಡುಗಿ ಅವರ ತುಟಿಯನ್ನೇ ನೋಡುತ್ತಿದ್ದಳು.

“ಬುಡಿ ಮಿಸ್,” ಎಂದಳು. “ಹೇಳ್‌ಬ್ಯಾಡಿ.”

ಹಾಗೆಂದು ಖಾಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ನೆಲದ ಮೇಲೆ ಕುಸಿದು ಕೂತಳು. ಸುಚಿತ್ರಾ ಅವಳ ಪಕ್ಕದಲ್ಲೇ ಕೂತರು.