ಪಂಪಕ್ಕನ ಗೇಮಿನ ಅಂಗಡಿ

"ಆ ಕಡಿ ಎತ್ರಲೇ, ವೈರ್ ಸಿಕ್ಕೊಂಡೈತಿ!" ಬೆನಕಪ್ಪ ಕೂಗಿದ.

ನಾಲ್ವರು ಸೇರಿ ಬೀರುವಿನಷ್ಟು ಎತ್ತರದ ವಿಡಿಯೋ ಗೇಮ್ ಮಶೀನನ್ನು ರಸ್ತೆಗೆ ಎಳೆಯುತ್ತಿದ್ದರು. ಹಿಂದಿನ ಕೋಣೆಯಲ್ಲಿ ಪಂಪಮ್ಮನ ಹೆಣವಿತ್ತು. ಅದನ್ನು ಮುಂದೆ ತಂದು ಮಲಗಿಸಲು ಬೇರೆ ಜಾಗವಿರಲಿಲ್ಲ. ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಆ ಓಣಿಯಲ್ಲಿ ಹದಿಮೂರು ವರ್ಷಗಳಿಂದ ಅವಳಿಗೆ ಅಂಗಡಿಯೇ ಮನೆ. ನಡುವೆ ಒಂದು ಪರದೆ ಅಷ್ಟೇ.

ಮಶೀನು ಹೊರಗೆ ಬಂತು. ಬೆನಕಪ್ಪ ಬೆವರು ಒರೆಸಿಕೊಂಡ. ಈಗ ಲಾರಿ ಓಡಿಸುವ ಅವನು ಶಾಲೆ ತಪ್ಪಿಸಿ ಇದೇ ಮಶೀನಿನ ಮುಂದೆ ಬೆಳೆದವನು.

"ನಮ್ಮನ್ನ ಬೆನ್ನು ನೋಡೇ ಗುರ್ತು ಹಿಡೀತಿದ್ಲು ಪಂಪಕ್ಕ. ಹತ್ತು ಹೊಡದ್ರ ಕರೆಂಟ್ ತಗದು, ಸಾಲಿಗೆ ನಡೀರಿ ಅಂತಿದ್ಲು" ಎಂದ.

ಹೊನ್ನೂರಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳು ಸತ್ತವಳ ಅಕ್ಕ, ಬೆಳಿಗ್ಗೆಯ ಬಸ್ಸಿಗೆ ಇಟ್ಟಿಗಿಯಿಂದ ಬಂದಿದ್ದಳು. ಇನ್ನೂ ಅತ್ತಿರಲಿಲ್ಲ.

"ಒಡಹುಟ್ಟಿದಾಕಿ ಮಗಳ ಲಗ್ನಕ್ಕ ಬರಲಾರದಷ್ಟು ಅಂಗಡಿ ದೊಡ್ಡದಾಗಿತ್ತು ಇಕಿಗೆ" ಎಂದಳು. "ಅಳು ಎಲ್ಲಿಂದ ಬರಬೇಕು?"

ಪಂಪಮ್ಮನ ಮಗಳು ಭಾಗ್ಯ ತಲೆ ತಗ್ಗಿಸಿದಳು. ಬೆನಕಪ್ಪ ಹೊಸ್ತಿಲಲ್ಲೇ ನಿಂತ.

"ಹೊಂಟಿದ್ಲು ಯಮ್ಮಾ. ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ತಗಂಡಿದ್ಲು. ಇನ್ನ ಯಾಕ ಮುಚ್ಚಿಡ್ಲಿ?"

*

ಅದು ತೊಂಬತ್ತೈದರ ಬೇಸಿಗೆ. ಪಂಪಮ್ಮನ ಗಂಡ ಯರ್ರೆಪ್ಪ ಹೊಸಪೇಟೆಯಿಂದ ಮಶೀನು ತಂದು ವರ್ಷ ತುಂಬುವುದರೊಳಗೆ ಲಕ್ವ ಹೊಡೆದು ಮಲಗಿದ್ದ. ಪರದೆಯ ಆಚೆ ಅವನ ಮಂಚ, ಈಚೆ ಹುಡುಗರ ಗದ್ದಲ, ನಡುವೆ ಪಂಪಮ್ಮನ ಸ್ಟೂಲು. ಮದುವೆಗೆಂದು ಭಾಗ್ಯಳನ್ನು ಎರಡು ದಿನ ಮೊದಲೇ ಇಟ್ಟಿಗಿಗೆ ಕಳಿಸಿದ್ದಳು. ಮದುವೆಯ ದಿನ ಹಸಿರು ಸೀರೆಯುಟ್ಟು, ಅಂಗಡಿಯನ್ನು ಬೆನಕಪ್ಪನ ಕೈಗೆ ಕೊಟ್ಟು ಬಸ್ಸು ಹತ್ತಿದಳು.

ಬಸ್ಸು ಊರು ದಾಟುವ ಮೊದಲೇ ಎದ್ದು ನಿಂತಳು. ಕಂಡಕ್ಟರು ಬೈದ. ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು ಓಡುತ್ತ ಬಂದಳು. ಯರ್ರೆಪ್ಪ ಮಂಚದಿಂದ ಜಾರಿ, ಒದ್ದೆ ನೆಲದ ಮೇಲೆ ಬಿದ್ದು ಲೋಟ ಬಡಿಯುತ್ತಿದ್ದ. ಗೇಮಿನ ಸದ್ದಿಗೆ ಅದು ಯಾರಿಗೂ ಕೇಳಿಸಿರಲಿಲ್ಲ.

ಅವನನ್ನು ತೊಳೆದು, ಬಟ್ಟೆ ಬದಲಿಸಿ, ಅದೇ ಹಸಿರು ಸೀರೆಯಲ್ಲಿ ಸ್ಟೂಲಿನ ಮೇಲೆ ಬಂದು ಕೂತಳು.

"ಯಾರಿಗೂ ಹೇಳಬ್ಯಾಡ. ಬಸ್ ತಪ್ತು ಅಂತ ಅವಗ ಹೇಳೀನಿ. ತನ್ನಿಂದ ನಾ ತಿರುಗಿ ಬಂದೆ ಅಂತ ಗೊತ್ತಾದ್ರ ಈ ಮನುಷ್ಯಾ ಊಟ ಬಿಡ್ತಾನ."

*

ಹೊನ್ನೂರಮ್ಮ ಎದ್ದು ಹೋಗಿ ತಂಗಿಯ ಕಾಲ ಮೇಲಿನ ಸೀರೆ ಸರಿಮಾಡಿದಳು.

"ಯರ್ರೆಪ್ಪನ ಮಣ್ಣಿಗೆ ಬಂದಾಗ್ಲೂ ನಾ ಮಾತಾಡ್ಸಲಿಲ್ಲಲ್ಲೋ" ಎಂದಳು. ಆಗ ಅಳು ಬಂತು.

ಭಾಗ್ಯಳಿಗೆ ಮಾತ್ರ ಬರಲಿಲ್ಲ. ಅವಳಿಗೆ ಬೇರೆಯದೇ ಒಂದು ಮಧ್ಯಾಹ್ನ ನೆನಪಾಗುತ್ತಿತ್ತು.

*

ಯರ್ರೆಪ್ಪ ಸತ್ತು ಎರಡು ವರ್ಷವಾಗಿತ್ತು. ಭಾಗ್ಯ ಕೆಲಸ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರಿಗೆ ಯಾರೋ ಒಂದು ಸಿ.ಡಿ. ತಂದುಕೊಟ್ಟರು. ಮಶೀನಿನಲ್ಲಿದ್ದ ಆಟಗಳೆಲ್ಲ ಅದರಲ್ಲಿ ಹಾಗೆಯೇ ಇದ್ದವು. ಭಾಗ್ಯ ಅವನ್ನು ಕಂಪ್ಯೂಟರಿಗೆ ಹಾಕಿದಳು. ಅವ್ವನ ಅಂಗಡಿಗೆ ಇನ್ನೂ ಬರುತ್ತಿದ್ದ ನಾಲ್ಕೈದು ಜನವೂ ಸೆಂಟರಿಗೆ ಬಂದರು. ಮದುವೆಯಾದವರೂ ಬಂದು ಕೇಕೆ ಹಾಕಿ ಆಡಿದರು. ಹದಿನೈದು ದಿನಕ್ಕೆ ಅವರ ಹಂಬಲ ತೀರಿತು. ಅವರ ತಮ್ಮಂದಿರು ಅದರತ್ತ ತಿರುಗಿಯೂ ನೋಡಲಿಲ್ಲ. ಅವರಿಗೆ ಕಾರ್ ರೇಸ್ ಬೇಕಿತ್ತು. ಅಂಗಡಿಗೆ ಮಾತ್ರ ಆಮೇಲೆ ಯಾರೂ ಮರಳಲಿಲ್ಲ. ಆದರೂ ಪಂಪಮ್ಮ ದಿನಾ ಬಾಗಿಲು ತೆಗೆದು ಕೂರುತ್ತಿದ್ದಳು.

"ಇನ್ನ ಯಾರಿಗೆ ಕಾಯ್ತಿ? ಎಲ್ಲಿಗರ ಹೋಗಿ ಬಾರಬೇ" ಎಂದಳು ಭಾಗ್ಯ.

"ಎಲ್ಲಿಗೆ?" ಎಂದಳು ಪಂಪಮ್ಮ. ಅವಳು ನಿಜವಾಗಿಯೂ ಕೇಳುತ್ತಿದ್ದಳು.

ಒಂದು ಮಧ್ಯಾಹ್ನ ಭಾಗ್ಯ ಅವಳನ್ನು ಸೆಂಟರಿಗೆ ಕರೆತಂದು ಕೂರಿಸಿದಳು. ಅಷ್ಟು ವರ್ಷಗಳಲ್ಲಿ ಪಂಪಮ್ಮ ಆ ಆಟವನ್ನು ಒಮ್ಮೆಯೂ ಆಡಿರಲಿಲ್ಲ.

"ಈ ಐದರ ಕೀ ಐತಲ್ಲ, ಅದನ್ನ ಒತ್ತು. ಕಾಯಿನ್ ಹಾಕಿದಂಗ."

ಪಂಪಮ್ಮ ಒತ್ತಿದಳು. ಬಾಣದ ಕೀ ಒತ್ತಿ ಹಿಡಿದಾಗ ಪರದೆಯ ಮೇಲೆ ಒಬ್ಬ ಪೈಲ್ವಾನ ನಡೆಯತೊಡಗಿದ. ಸ್ವಲ್ಪ ದೂರ ಹೋದಮೇಲೆ ಅವಳು ಕೇಳಿದಳು:

"ಹಿಂದಕ್ಕ ಹೋಗಾಕ ಬರಂಗಿಲ್ಲೇನು?"

"ಇಲ್ಲಬೇ. ಮುಂದಕ್ಕ ಅಷ್ಟ."

ಪಂಪಮ್ಮ ಕೈ ತೆಗೆದಳು. ಪೈಲ್ವಾನ ಒಂದು ಮರದ ಕೆಳಗೆ ನಿಂತ. ಮೇಲೆ ಅಂಕಿಗಳು ಇಳಿಯುತ್ತಿದ್ದವು.

"ಒತ್ತಬೇ, ಟೈಮ್ ಮುಗಿತೈತಿ!"

"ನಿಂದ್ರಲಿ ಬಿಡು. ನೆಳ್ಳೈತಿ."

ಅಂಕಿ ಸೊನ್ನೆಗೆ ಬಂತು. ಪೈಲ್ವಾನ ನೆಲಕ್ಕೆ ಬಿದ್ದ. ಪಂಪಮ್ಮ ಮತ್ತೆ ಐದು ಒತ್ತಿದಳು. ಮತ್ತೆ ಅವನನ್ನು ಅಲ್ಲೇ ನಿಲ್ಲಿಸಿದಳು. ಭಾಗ್ಯ ಬಿದ್ದು ಬಿದ್ದು ನಕ್ಕಳು. ಸೆಂಟರಿನಲ್ಲಿದ್ದವರನ್ನೆಲ್ಲ ಕರೆದು ತೋರಿಸಿ ನಕ್ಕಳು. ಪಂಪಮ್ಮ ಸೆರಗು ಸರಿಪಡಿಸಿಕೊಂಡು ಎದ್ದು ಹೋದಳು. ಮತ್ತೆಂದೂ ಅಲ್ಲಿಗೆ ಬರಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಇಳಿಹೊತ್ತಾಗಿತ್ತು. ಹಿಂದಿನ ಕೋಣೆಯಲ್ಲಿ ಪಂಪಮ್ಮ ಜೀವ ಬಿಟ್ಟ ಜಾಗಕ್ಕೆ ಹೊನ್ನೂರಮ್ಮ ದೀಪ ಹಚ್ಚಿಟ್ಟಳು. ಊದುಬತ್ತಿಯ ಹೊಗೆ ಒಳಗೇ ಸುತ್ತುತ್ತಿತ್ತು.

"ಆ ಕಿಟಕಿ ತಗಿಯವ್ವಾ, ಉಸುರು ಕಟ್ತೈತಿ."

ಭಾಗ್ಯ ಮಂಚ ಸರಿಸಿ, ಚಿಲಕ ತೆಗೆದಳು. ಬೆಳಕು ಬರಲಿಲ್ಲ. ಕಂಬಿಗಳ ಆಚೆ ಒಂದು ಮೊಳ ದೂರಕ್ಕೆ ಪಕ್ಕದ ಮನೆಯ ಗೋಡೆ. ಅದರ ಸುಣ್ಣವೆಲ್ಲ ಬಿಳಿಯಾಗಿಯೇ ಇತ್ತು, ಒಂದು ಕಡೆ ಬಿಟ್ಟು. ಕಂಬಿಗಳಿಗೆ ನೇರ ಎದುರು, ಅವ್ವನ ಅಂಗೈಯಷ್ಟು ಅಗಲಕ್ಕೆ, ಸವರಿ ಸವರಿ ಸುಣ್ಣ ಸವೆದು, ಗಾರೆ ಎಣ್ಣೆ ಹಚ್ಚಿದಂತೆ ಕಪ್ಪಗೆ ನುಣುಪಾಗಿತ್ತು.

ಭಾಗ್ಯ ಕಂಬಿಗಳ ನಡುವೆ ಕೈ ತೂರಿಸಿದಳು. ಬಳೆಗಳು ಅಡ್ಡ ಬಂದವು. ಒಂದೊಂದಾಗಿ ಬಿಚ್ಚಿಟ್ಟು, ಮತ್ತೆ ಚಾಚಿದಳು.